ಇಪ್ಪತ್ತಡಿ ಅಂಗಳ: ಜ್ವಾಲಾ ಗುಟ್ಟಾ ಮತ್ತು ಭಾರತದ ಡಬಲ್ಸ್

ಬೆಂಗಳೂರಿನ ಯಾವ ಬಡಾವಣೆಯ ಶಟಲ್ ಕೋರ್ಟಿಗಾದರೂ ಬೆಳಿಗ್ಗೆ ಆರು ಗಂಟೆಗೆ ಹೋಗಿ ನೋಡಬಹುದು. ನೆಟ್ಟಿನ ಆಚೆ ಇಬ್ಬರು, ಈಚೆ ಇಬ್ಬರು, ಹೊರಗೆ ಬೆಂಚಿನ ಮೇಲೆ ಸರದಿಗೆ ಕಾದ ನಾಲ್ವರು. ಕೋರ್ಟಿನ ಬಾಡಿಗೆ ಹಂಚಿಕೊಳ್ಳಬೇಕು, ಶಟಲ್ಲಿನ ದುಡ್ಡು ಹಂಚಿಕೊಳ್ಳಬೇಕು, ಐವತ್ತು ದಾಟಿದ ಮಂಡಿಗಳು ಮೂಲೆಯಿಂದ ಮೂಲೆಗೆ ಓಡಲಾರವು. ಹಾಗಾಗಿ ಅಲ್ಲಿ ಎಲ್ಲರೂ ಆಡುವುದು ಡಬಲ್ಸ್. ಆದರೆ ಬೆಂಚಿನ ಮೇಲೆ ಕುಳಿತವರ ಬಾಯಲ್ಲಿ ಬರುವ ಹೆಸರುಗಳನ್ನು ಕೇಳಿಸಿಕೊಳ್ಳಿ: ಪ್ರಕಾಶ್, ಗೋಪಿಚಂದ್, ಸೈನಾ, ಸಿಂಧು, ಲಕ್ಷ್ಯ. ಎಲ್ಲರೂ ಸಿಂಗಲ್ಸ್‌ನವರೇ.

ಸಿಂಗಲ್ಸ್ ಅಂಗಳದ ಅಗಲ ಹದಿನೇಳು ಅಡಿ. ಡಬಲ್ಸ್‌ಗೆ ಇಪ್ಪತ್ತು. ಎರಡೂ ಪಕ್ಕದಲ್ಲಿ ಒಂದೂವರೆ ಅಡಿಯ ಪಟ್ಟಿಯಷ್ಟೇ ಹೆಚ್ಚು. ಭಾರತದ ಬ್ಯಾಡ್ಮಿಂಟನ್ ಆಡಳಿತ, ಪತ್ರಿಕೆ, ಪ್ರಾಯೋಜಕರು ಎಲ್ಲ ಸೇರಿ ಆ ಪಟ್ಟಿಯನ್ನು ಬಹುಕಾಲ ಹೊಲದ ಬದುವಿನ ಹಾಗೆ ಕಂಡರು. ಬದುವಿನ ಮೇಲೆ ನಡೆದಾಡಬಹುದು, ಯಾರೂ ಬಿತ್ತುವುದಿಲ್ಲ. ಅಲ್ಲೇ ಬಿತ್ತಿ ಬೆಳೆದವರು ಜ್ವಾಲಾ ಗುಟ್ಟಾ. ಅವರ ಆಟದ ಬದುಕನ್ನು ಬರೆಯಹೊರಟರೆ ಭಾರತದ ಡಬಲ್ಸ್ ಎಂಬ ವಿಭಾಗದ ಚರಿತ್ರೆಯನ್ನೇ ಬರೆಯಬೇಕಾಗುತ್ತದೆ. ಕೊಡಗಿನ ಮನೆತನದ, ಬೆಂಗಳೂರಿನಲ್ಲಿ ಹುಟ್ಟಿದ ಅಶ್ವಿನಿ ಪೊನ್ನಪ್ಪ ಅವರ ಜೊತೆಗಾತಿಯಾದ್ದರಿಂದ ಆ ಚರಿತ್ರೆಯ ಅರ್ಧ ಪಾಲು ಕರ್ನಾಟಕದ್ದೂ ಹೌದು.

ಮೊದಲಿದ್ದ ಕೆಲವು ಹೆಜ್ಜೆಗಳು

ಭಾರತೀಯ ಬ್ಯಾಡ್ಮಿಂಟನ್ ಸಂಸ್ಥೆ ಹುಟ್ಟಿದ್ದು 1934ರಲ್ಲಿ. ಅಲ್ಲಿಂದ ಎಣಿಸಿದರೆ ಮೊದಲ ಏಳೆಂಟು ದಶಕಗಳಲ್ಲಿ ಡಬಲ್ಸ್‌ನ ದೊಡ್ಡ ಪದಕಗಳಿಗೆ ಒಂದು ಕೈಯ ಬೆರಳು ಸಾಕು. 1978ರ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪ್ರಕಾಶ್ ಪಡುಕೋಣೆ ಸಿಂಗಲ್ಸ್ ಚಿನ್ನ ಗೆದ್ದಾಗ, ಅಮಿ ಘಿಯಾ ಮತ್ತು ಕನ್ವಲ್ ಠಾಕರ್ ಸಿಂಗ್ ಮಹಿಳೆಯರ ಡಬಲ್ಸ್‌ನಲ್ಲಿ ಕಂಚು ತಂದರು. ಪ್ರಕಾಶರ ಚಿನ್ನ ಮನೆಮಾತಾಯಿತು, ಕಂಚು ದಾಖಲೆ ಪುಸ್ತಕ ಸೇರಿತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಲೆರಾಯ್ ಡಿಸಾ ಅವರು ಪ್ರದೀಪ್ ಗಂಧೆ ಜೊತೆ ಪುರುಷರ ಡಬಲ್ಸ್‌ನಲ್ಲೂ ಕನ್ವಲ್ ಜೊತೆ ಮಿಶ್ರ ಡಬಲ್ಸ್‌ನಲ್ಲೂ ಕಂಚು ಗೆದ್ದರು.

ಆಮೇಲೆ ದೀರ್ಘ ಮೌನ. ಸಿಂಗಲ್ಸ್ ಆಡುವವರು ಬಿಡುವಿನಲ್ಲಿ ಡಬಲ್ಸ್ ಆಡುತ್ತಿದ್ದರು, ಸಿಂಗಲ್ಸ್‌ನಲ್ಲಿ ಮೇಲೇರದವರು ಡಬಲ್ಸ್‌ಗೆ ಇಳಿಯುತ್ತಿದ್ದರು. 'ಇಳಿಯುವುದು' ಎಂಬ ಮಾತೇ ಎಲ್ಲವನ್ನೂ ಹೇಳುತ್ತದೆ. ಡಬಲ್ಸ್‌ಗೆ ಬೇರೆ ತರಬೇತಿ, ಬೇರೆ ಕೋಚ್, ಬೇರೆ ಲೆಕ್ಕಾಚಾರ ಬೇಕೆಂಬ ಅರಿವು ಕೊರಿಯಾ, ಇಂಡೋನೇಷ್ಯಾ, ಚೀನಾ, ಡೆನ್ಮಾರ್ಕ್‌ಗಳಲ್ಲಿ ಇತ್ತು. ಇಲ್ಲಿ ಇರಲಿಲ್ಲ.

ವಾರ್ಧಾದಿಂದ ಹೈದರಾಬಾದಿಗೆ

ಜ್ವಾಲಾ ಹುಟ್ಟಿದ್ದು 1983ರ ಸೆಪ್ಟೆಂಬರ್ 7ರಂದು, ಮಹಾರಾಷ್ಟ್ರದ ವಾರ್ಧಾದಲ್ಲಿ. ತಂದೆ ಕ್ರಾಂತಿ ಗುಟ್ಟಾ ತೆಲುಗಿನವರು, ತಾಯಿ ಯೆಲಾನ್ ಚೀನಾದವರು. ಯೆಲಾನ್ ಅವರ ಅಜ್ಜ ಗಾಂಧೀಜಿಯ ಅನುಯಾಯಿ. ಸೇವಾಗ್ರಾಮದ ನೆರಳಿನ ಊರಿನಲ್ಲಿ ಈ ಕುಟುಂಬ ಬೇರೂರಿದ್ದರ ಹಿಂದೆ ಆ ನಂಟಿದೆ. ಮಗಳು ಬೆಳೆದದ್ದು ಹೈದರಾಬಾದಿನಲ್ಲಿ.

ಆ ಊರಿನ ಲಾಲ್ ಬಹದ್ದೂರ್ ಕ್ರೀಡಾಂಗಣದಲ್ಲಿ ಎಸ್.ಎಂ. ಆರಿಫ್ ಎಂಬ ಗುರು ಇದ್ದರು. ಬೆಳಕು ಹರಿಯುವ ಮುಂಚೆ ಕೋರ್ಟಿಗೆ ಬರುವ, ತಡವಾಗಿ ಬಂದವರನ್ನು ಸುಮ್ಮನೆ ಬಿಡದ ಹಳೆಯ ಕಾಲದ ಮೇಷ್ಟ್ರು. ಪುಲ್ಲೇಲ ಗೋಪಿಚಂದ್ ಅವರನ್ನು ತಿದ್ದಿದ ಕೈ ಅದು. ಆರಿಫ್ ಸಾಹೇಬರಿಗೆ 2000ದಲ್ಲಿ ದ್ರೋಣಾಚಾರ್ಯ ಪ್ರಶಸ್ತಿಯೂ 2012ರಲ್ಲಿ ಪದ್ಮಶ್ರೀಯೂ ಬಂದವು. ಹತ್ತು ವರ್ಷದ ಜ್ವಾಲಾ ಅವರ ಬಳಿ ಸೇರಿದರು. ಎಡಗೈ ಆಟ, ಎತ್ತರದ ನಿಲುವು, ನೆಟ್ಟಿನ ಬಳಿ ಚುರುಕಾದ ಮಣಿಕಟ್ಟು. ಸಿಂಗಲ್ಸ್‌ನಲ್ಲಿ ಕೈಹಿಡಿಯಬಹುದಾದ ಈ ಗುಣಗಳು ಡಬಲ್ಸ್‌ನಲ್ಲಿ ಇಮ್ಮಡಿ ಬೆಲೆ ಬಾಳುತ್ತವೆ.

2000ದಲ್ಲಿ, ಹದಿನೇಳನೇ ವಯಸ್ಸಿಗೆ, ಜ್ವಾಲಾ ರಾಷ್ಟ್ರೀಯ ಜೂನಿಯರ್ ಚಾಂಪಿಯನ್ ಆದರು. ಅದೇ ವರ್ಷ ಶ್ರುತಿ ಕುರಿಯನ್ ಜೊತೆ ಡಬಲ್ಸ್‌ನಲ್ಲೂ ಗೆದ್ದರು. ಮುಂದೆ ಈ ಜೋಡಿ 2002ರಿಂದ 2008ರವರೆಗೆ ಸತತ ಏಳು ವರ್ಷ ರಾಷ್ಟ್ರೀಯ ಡಬಲ್ಸ್ ಪಟ್ಟ ಬಿಟ್ಟುಕೊಡಲಿಲ್ಲ. ಏಳು ವರ್ಷ ಒಂದೇ ಜೋಡಿಯನ್ನು ಯಾರೂ ಅಲುಗಿಸಲಾಗಲಿಲ್ಲ ಎಂದರೆ ಅವರ ಬಲವೂ ಕಾಣುತ್ತದೆ, ದೇಶದಲ್ಲಿ ಡಬಲ್ಸ್ ಆಡುವವರು ಎಷ್ಟು ಕಡಿಮೆ ಇದ್ದರು ಎಂಬುದೂ ಕಾಣುತ್ತದೆ. 2006ರ ಮೆಲ್ಬರ್ನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಿಶ್ರ ತಂಡದ ಕಂಚು ಬಂದಾಗ ಜ್ವಾಲಾ ತಂಡದಲ್ಲಿದ್ದರು.

ನಿಯಮ ಬದಲಾದ ವರ್ಷ

ಅದೇ 2006ರಲ್ಲಿ ಆಟದ ಲೆಕ್ಕವೇ ಬದಲಾಯಿತು. ಅದುವರೆಗೆ ಸರ್ವ್ ಮಾಡುವವರಿಗೆ ಮಾತ್ರ ಅಂಕ, ಡಬಲ್ಸ್‌ನಲ್ಲಿ ಒಂದು ಕಡೆಯ ಇಬ್ಬರಿಗೂ ಸರದಿಯಂತೆ ಸರ್ವ್. ಹಳೆಯ ಆಟಗಾರರು 'ಸೆಕೆಂಡ್ ಹ್ಯಾಂಡ್' ಎನ್ನುತ್ತಿದ್ದುದು ಇದನ್ನೇ. ಒಬ್ಬರು ಸರ್ವ್ ಕಳೆದುಕೊಂಡರೂ ಇನ್ನೊಬ್ಬರ ಸರ್ವ್ ಉಳಿದಿರುತ್ತಿತ್ತು, ಪಂದ್ಯ ಎಳೆಯುತ್ತಿತ್ತು. ಹೊಸ ನಿಯಮದಲ್ಲಿ ಗೇಮಿಗೆ 21 ಅಂಕ, ಪ್ರತಿ ರ‍್ಯಾಲಿಗೂ ಅಂಕ, ಒಂದು ಕಡೆಗೆ ಒಂದೇ ಸರ್ವ್. ಮೊದಲ ಮೂರು ಹೊಡೆತಗಳಲ್ಲೇ ಅರ್ಧ ಪಂದ್ಯ ತೀರ್ಮಾನವಾಗತೊಡಗಿತು. ಸರ್ವ್, ಅದರ ಮರುಹೊಡೆತ, ನೆಟ್ ಮೇಲಿನ ಹಿಡಿತ ಇವುಗಳ ತೂಕ ಏರಿತು. ಜ್ವಾಲಾ ಅವರ ಆಟ ಇದ್ದದ್ದೇ ಅಲ್ಲಿ.

ಕೋಯಿಕ್ಕೋಡಿನ ವಿ. ದಿಜು ಜೊತೆ ಮಿಶ್ರ ಡಬಲ್ಸ್‌ನಲ್ಲಿ ಅವರು ಮೇಲೇರಿದ್ದು ಈ ಹೊತ್ತಿನಲ್ಲಿ. 2008ರಲ್ಲಿ ಬಲ್ಗೇರಿಯಾ ಓಪನ್ ಹಾಗೂ ಜರ್ಮನಿಯ ಬಿಟ್‌ಬರ್ಗರ್ ಓಪನ್, 2009ರಲ್ಲಿ ಚೈನೀಸ್ ತೈಪೆ ಗ್ರ್ಯಾನ್ ಪ್ರಿ ಗೋಲ್ಡ್ ಗೆದ್ದರು. 2009ರ ವಿಶ್ವ ಚಾಂಪಿಯನ್‌ಷಿಪ್ ಹೈದರಾಬಾದಿನಲ್ಲೇ ನಡೆಯಿತು, ತವರಿನ ಪ್ರೇಕ್ಷಕರೆದುರು ಜೋಡಿ ಕ್ವಾರ್ಟರ್ ಫೈನಲ್ ತಲುಪಿತು. ವರ್ಷದ ಕೊನೆಗೆ ಮಲೇಷ್ಯಾದ ಜೊಹೊರ್ ಬಾರುವಿನಲ್ಲಿ ನಡೆದ ಸೂಪರ್ ಸೀರೀಸ್ ಮಾಸ್ಟರ್ಸ್ ಫೈನಲ್ಸ್‌ನಲ್ಲಿ ಡೆನ್ಮಾರ್ಕಿನ ನೀಲ್ಸನ್–ಪೆಡರ್ಸನ್ ಎದುರು ರನ್ನರ್ ಅಪ್. 2010ರಲ್ಲಿ ವಿಶ್ವ ರ‍್ಯಾಂಕಿಂಗ್ ಆರಕ್ಕೆ ಬಂತು. ಭಾರತದ ಜೋಡಿಯೊಂದು ಅಷ್ಟು ಮೇಲೆ ಹೋದದ್ದನ್ನು ನೋಡಿ ಅಭ್ಯಾಸವೇ ಇರಲಿಲ್ಲ.

ಎಡಗೈ, ಬಲಗೈ

ಶ್ರುತಿ ಜೊತೆಗಿನ ನಂಟು ಮುಗಿದ ಮೇಲೆ ಮಹಿಳೆಯರ ಡಬಲ್ಸ್‌ಗೆ ಹೊಸ ಜೊತೆ ಬೇಕಾಯಿತು. ಆಗ ಬಂದವರು ಅಶ್ವಿನಿ ಪೊನ್ನಪ್ಪ. 1989ರ ಸೆಪ್ಟೆಂಬರ್ 18ರಂದು ಬೆಂಗಳೂರಿನಲ್ಲಿ ಹುಟ್ಟಿದವರು, ಜ್ವಾಲಾಗಿಂತ ಆರು ವರ್ಷ ಚಿಕ್ಕವರು. ತಂದೆ ಹಾಕಿ ಆಟಗಾರರು. ಕೊಡಗಿನ ಮನೆಯಲ್ಲಿ ಹಾಕಿ ಸ್ಟಿಕ್ ಇದ್ದರೆ ಯಾರೂ ಅಚ್ಚರಿ ಪಡುವುದಿಲ್ಲ. ಮಗಳು ರ‍್ಯಾಕೆಟ್ ಹಿಡಿದರು, ಆದರೆ ಹೊಡೆತದ ಬಲ ಮಾತ್ರ ಹಾಕಿ ಮೈದಾನದ್ದೇ. ಹಿಂದಿನ ಅಂಗಳದಿಂದ ಅವರು ಬಾರಿಸುತ್ತಿದ್ದ ಸ್ಮ್ಯಾಶ್ ಮಹಿಳೆಯರ ಡಬಲ್ಸ್‌ನಲ್ಲಿ ಅಪರೂಪದ್ದು.

ಎಡಗೈ–ಬಲಗೈ ಜೋಡಿಗೆ ಡಬಲ್ಸ್‌ನಲ್ಲಿ ಒಂದು ಸಹಜ ಲಾಭವಿದೆ. ಎಡಗೈಯವರು ಬಲ ಅಂಗಳದಲ್ಲೂ ಬಲಗೈಯವರು ಎಡ ಅಂಗಳದಲ್ಲೂ ನಿಂತರೆ ಇಬ್ಬರ ಫೋರ್‌ಹ್ಯಾಂಡೂ ನಡುವಿಗೆ ಬರುತ್ತದೆ. ಸ್ಥಾನ ಅದಲುಬದಲಾದರೆ ಇಬ್ಬರ ಫೋರ್‌ಹ್ಯಾಂಡೂ ಪಕ್ಕದ ಗೆರೆಗಳನ್ನು ಕಾಯುತ್ತದೆ. ಇಬ್ಬರೂ ಬಲಗೈಯವರಾದರೆ ಒಬ್ಬರ ಬ್ಯಾಕ್‌ಹ್ಯಾಂಡ್ ಯಾವಾಗಲೂ ನಡುವಿಗೇ ಬೀಳುತ್ತದೆ. ಇದರ ಮೇಲೆ ಇನ್ನೊಂದು ಸೂಕ್ಷ್ಮ: ಶಟಲ್ಲಿನ ಹದಿನಾರು ಗರಿಗಳು ಒಂದರ ಮೇಲೊಂದು ಒಂದೇ ದಿಕ್ಕಿಗೆ ಒರಗಿರುವುದರಿಂದ ಅದು ಒಂದೇ ಕಡೆಗೆ ತಿರುಗುತ್ತ ಹಾರುತ್ತದೆ. ಹೀಗಾಗಿ ಎಡಗೈಯವರು ಸವರಿ ಹೊಡೆದ ಶಟಲ್ ಬಲಗೈಯವರದಕ್ಕಿಂತ ಬೇರೆ ರೀತಿ ಇಳಿಯುತ್ತದೆ. ಎದುರಾಳಿಗಳು ಪ್ರತಿ ರ‍್ಯಾಲಿಯಲ್ಲೂ ಲೆಕ್ಕ ಬದಲಿಸುತ್ತಿರಬೇಕು. ಮುಂದೆ ಜ್ವಾಲಾ, ಹಿಂದೆ ಅಶ್ವಿನಿ ಎಂಬ ಕ್ರಮ ಹೂಡಿಕೊಂಡಾಗ ಈ ಜೋಡಿಯನ್ನು ಬಿಡಿಸುವುದು ಕಷ್ಟವಾಗುತ್ತಿತ್ತು.

2010ರ ಅಕ್ಟೋಬರ್ 14, ದೆಹಲಿಯ ಸಿರಿ ಫೋರ್ಟ್ ಕ್ರೀಡಾ ಸಂಕೀರ್ಣ. ಕಾಮನ್‌ವೆಲ್ತ್ ಕ್ರೀಡಾಕೂಟದ ಕೊನೆಯ ದಿನ. ಹಾಕಿ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಎಂಟು ಗೋಲು ಹೊಡೆದು ಭಾರತವನ್ನು ಮಣಿಸಿದ ದಿನವೂ ಅದೇ. ಪದಕ ಪಟ್ಟಿಯಲ್ಲಿ ಇಂಗ್ಲೆಂಡ್ 37 ಚಿನ್ನದೊಂದಿಗೆ ಎರಡನೇ ಸ್ಥಾನದಲ್ಲಿತ್ತು. ಜ್ವಾಲಾ–ಅಶ್ವಿನಿ ಸಿಂಗಪುರದ ಶಿಂಟಾ ಮೂಲಿಯಾ ಸಾರಿ–ಯಾವೊ ಲೀ ಜೋಡಿಯನ್ನು ನೇರ ಗೇಮುಗಳಲ್ಲಿ ಸೋಲಿಸಿದರು, ಭಾರತ 37 ಮುಟ್ಟಿತು. ಸ್ವಲ್ಪ ಹೊತ್ತಿಗೆ ಸೈನಾ ನೆಹವಾಲ್ ಸಿಂಗಲ್ಸ್ ಗೆದ್ದರು, 38 ಆಯಿತು, ಭಾರತ ಎರಡನೇ ಸ್ಥಾನಕ್ಕೆ ಏರಿತು. ಮರುದಿನ ಎಲ್ಲರೂ ಮೂವತ್ತೆಂಟನೆಯದರ ಬಗ್ಗೆ ಮಾತಾಡಿದರು. ಮೂವತ್ತೇಳಿಲ್ಲದೆ ಮೂವತ್ತೆಂಟಿಲ್ಲ. ಕಾಮನ್‌ವೆಲ್ತ್ ಮಹಿಳೆಯರ ಡಬಲ್ಸ್‌ನಲ್ಲಿ ಭಾರತದ ಮೊದಲ ಚಿನ್ನ ಅದು.

ಲಂಡನ್, ಎರಡು ಬಾರಿ

2011ರ ಆಗಸ್ಟ್. ಲಂಡನ್ನಿನ ವೆಂಬ್ಲಿ ಅರೇನಾದಲ್ಲಿ ವಿಶ್ವ ಚಾಂಪಿಯನ್‌ಷಿಪ್. ಕ್ವಾರ್ಟರ್ ಫೈನಲ್‌ನಲ್ಲಿ ಇಂಡೋನೇಷ್ಯಾದ ವೀಟಾ ಮಾರಿಸ್ಸಾ–ನಾದ್ಯಾ ಮೆಲಾತಿ ಎದುರು ಮೊದಲ ಗೇಮ್ ಕಳೆದುಕೊಂಡರೂ ಉಳಿದೆರಡನ್ನು ಗೆದ್ದು ಜೋಡಿ ಸೆಮಿಫೈನಲ್ ಹೊಕ್ಕಿತು. ಅಲ್ಲಿ ಚೀನಾದ ತಿಯಾನ್ ಚಿಂಗ್–ಝಾವೊ ಯುನ್‌ಲೇ ಎದುರು ಸೋಲು. ಆ ಚೀನಾ ಜೋಡಿ ಮರುವರ್ಷ ಒಲಿಂಪಿಕ್ ಚಿನ್ನ ಗೆದ್ದಿತು. ಸೆಮಿಫೈನಲ್ ಸೋತವರಿಬ್ಬರಿಗೂ ಕಂಚು ಸಿಗುವುದರಿಂದ ಭಾರತಕ್ಕೆ ಪದಕ ಖಾತ್ರಿಯಾಗಿತ್ತು.

ಅದಕ್ಕೆ ಮೊದಲು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಪದಕ ಒಂದೇ ಒಂದು: 1983ರಲ್ಲಿ ಕೋಪನ್‌ಹೇಗನ್‌ನಲ್ಲಿ ಪ್ರಕಾಶ್ ಪಡುಕೋಣೆ ಗೆದ್ದ ಕಂಚು. ಇಪ್ಪತ್ತೆಂಟು ವರ್ಷದ ಬಳಿಕ ಎರಡನೆಯದು ಬಂತು. ಮಹಿಳೆಯರ ಮೊದಲ ಪದಕ, ಡಬಲ್ಸ್‌ನ ಮೊದಲ ಪದಕ. ಮಲ್ಲೇಶ್ವರದ ಹುಡುಗನ ನಂತರ ಆ ಪಟ್ಟಿಗೆ ಸೇರಿದ ಹೆಸರುಗಳಲ್ಲಿ ಒಂದು ಮತ್ತೆ ಬೆಂಗಳೂರಿನದೇ. ಆ ವರ್ಷ ಜ್ವಾಲಾ ಅವರಿಗೆ ಅರ್ಜುನ ಪ್ರಶಸ್ತಿ ಬಂತು, ಮುಂದಿನ ವರ್ಷ ಅಶ್ವಿನಿಗೆ.

ಮುಂದಿನ ಬೇಸಿಗೆಯಲ್ಲಿ ಮತ್ತೆ ಲಂಡನ್, ಒಲಿಂಪಿಕ್ಸ್. ಬ್ಯಾಡ್ಮಿಂಟನ್ನಿನ ಎರಡು ವಿಭಾಗಗಳಿಗೆ ಅರ್ಹತೆ ಪಡೆದು ಜ್ವಾಲಾ ಹೋದರು. ಮಿಶ್ರ ಡಬಲ್ಸ್‌ನಲ್ಲಿ ದಿಜು ಜೊತೆ ಗುಂಪಿನ ಮೂರೂ ಪಂದ್ಯ ಸೋತರು. ಮಹಿಳೆಯರ ಡಬಲ್ಸ್ ಕಥೆ ಬೇರೆ. ಮೊದಲು ಜಪಾನಿನ ಫುಜಿ–ಕಾಕಿಇವಾ ಎದುರು ಸೋಲು. ನಂತರ ಚೈನೀಸ್ ತೈಪೆಯ ಚೆಂಗ್ ವೆನ್‌ಸಿಂಗ್–ಚಿಯೆನ್ ಯುಚಿನ್ ಎದುರು ಮೂರು ಗೇಮುಗಳ ಹೋರಾಟದಲ್ಲಿ ಗೆಲುವು. ಕೊನೆಗೆ ದೆಹಲಿಯ ಹಳೆಯ ಎದುರಾಳಿ ಸಿಂಗಪುರದ ಮೇಲೆ ಗೆಲುವು. ಅಷ್ಟರಲ್ಲಿ ಜಪಾನ್ ಜೋಡಿ ತೈಪೆಗೆ ನೇರ ಗೇಮುಗಳಲ್ಲಿ ಸೋತಿತ್ತು. ಮೂರು ಜೋಡಿಗಳಿಗೆ ತಲಾ ಎರಡು ಗೆಲುವು. ಲೆಕ್ಕ ಅಂಕಗಳ ವ್ಯತ್ಯಾಸಕ್ಕೆ ಬಂತು, ಭಾರತ ಒಂದೇ ಅಂಕದಿಂದ ಹೊರಬಿತ್ತು. ಜಪಾನ್–ತೈಪೆ ಪಂದ್ಯದ ಬಗ್ಗೆ ಭಾರತ ಆಕ್ಷೇಪ ಸಲ್ಲಿಸಿತು, ಅದು ನಿಲ್ಲಲಿಲ್ಲ.

ಅದೇ ಹೊತ್ತಿಗೆ ಬೇರೆ ಎರಡು ಗುಂಪುಗಳಲ್ಲಿ ನಾಲ್ಕು ಜೋಡಿಗಳು, ಚೀನಾದ ಒಂದು, ಕೊರಿಯಾದ ಎರಡು, ಇಂಡೋನೇಷ್ಯಾದ ಒಂದು, ನಾಕೌಟ್‌ನಲ್ಲಿ ಸುಲಭದ ಎದುರಾಳಿ ಸಿಗಲೆಂದು ಬೇಕಂತಲೇ ಸೋಲಲು ಹೊರಟು ಶಟಲನ್ನು ನೆಟ್ಟಿಗೂ ಹೊರಗೂ ಬಾರಿಸಿ ಪ್ರೇಕ್ಷಕರಿಂದ ಛೀಮಾರಿ ತಿಂದವು. ಆಗಸ್ಟ್ 1ರಂದು ನಾಲ್ಕನ್ನೂ ಕೂಟದಿಂದ ಹೊರಹಾಕಲಾಯಿತು. ಅವರ ಜಾಗ ಅವರದೇ ಗುಂಪುಗಳ ಉಳಿದ ಜೋಡಿಗಳಿಗೆ ಹೋಯಿತು. ಒಂದೂ ಪಂದ್ಯ ಗೆಲ್ಲದಿದ್ದ ಕೆನಡಾ ಜೋಡಿ ಸೆಮಿಫೈನಲ್ ತನಕ ಹೋಯಿತು, ರಷ್ಯಾದ ಜೋಡಿ ಕಂಚು ಗೆದ್ದಿತು. ಎರಡು ಪಂದ್ಯ ಗೆದ್ದಿದ್ದ ಭಾರತದ ಜೋಡಿ ಇದ್ದದ್ದು ಬೇರೆ ಗುಂಪಿನಲ್ಲಿ. ಅವರು ಮನೆಗೆ ಬಂದರು.

ಅಂಗಳದ ಹೊರಗಿನ ಪಂದ್ಯಗಳು

ಜ್ವಾಲಾ ಸುಮ್ಮನಿರುವವರಲ್ಲ. ಡಬಲ್ಸ್‌ಗೆ ಕೋಚ್ ಎಲ್ಲಿ, ಸವಲತ್ತು ಎಲ್ಲಿ ಎಂದು ವರ್ಷಗಟ್ಟಲೆ ಬಹಿರಂಗವಾಗಿ ಕೇಳಿದರು. ಕೇಳಿದ ಧಾಟಿ ಹಲವರಿಗೆ ಹಿಡಿಸಲಿಲ್ಲ. ಆದರೆ 2013ರ ಇಂಡಿಯನ್ ಬ್ಯಾಡ್ಮಿಂಟನ್ ಲೀಗ್ ಅವರ ಮಾತಿಗೆ ಸಾಕ್ಷಿ ಒದಗಿಸಿತು. ಆರು ತಂಡಗಳ ಆ ಮೊದಲ ಲೀಗಿನಲ್ಲಿ ಮಹಿಳೆಯರ ಡಬಲ್ಸನ್ನು ಪಂದ್ಯಪಟ್ಟಿಯಿಂದಲೇ ಕೈಬಿಟ್ಟು ಅದರ ಜಾಗದಲ್ಲಿ ಎರಡನೆಯ ಪುರುಷರ ಸಿಂಗಲ್ಸ್ ಸೇರಿಸಲಾಯಿತು. ವಿಶ್ವ ಚಾಂಪಿಯನ್‌ಷಿಪ್ ಪದಕ ಗೆದ್ದ ಇಬ್ಬರ ಮೂಲಬೆಲೆ 50 ಸಾವಿರ ಡಾಲರಿನಿಂದ 25 ಸಾವಿರಕ್ಕೆ ಇಳಿಯಿತು. ಹರಾಜಿನಲ್ಲಿ ಜ್ವಾಲಾ 31 ಸಾವಿರಕ್ಕೆ ದೆಹಲಿ ತಂಡಕ್ಕೂ ಅಶ್ವಿನಿ 25 ಸಾವಿರಕ್ಕೆ ಪುಣೆ ತಂಡಕ್ಕೂ ಹೋದರು.

ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಗಲಾಟೆ. ಬೆಂಗಳೂರಿನ ಬಾಂಗಾ ಬೀಟ್ಸ್ ತಂಡ ಗಾಯಾಳು ಹು ಯುನ್ ಬದಲಿಗೆ ಕೊನೆಗಳಿಗೆಯಲ್ಲಿ ಡೆನ್ಮಾರ್ಕಿನ ಯಾನ್ ಯೋರ್ಗೆನ್ಸನ್ ಅವರನ್ನು ಇಳಿಸಲು ಹೊರಟಾಗ, ಜ್ವಾಲಾ ನಾಯಕತ್ವದ ದೆಹಲಿ ತಂಡ ಅಂಗಳಕ್ಕಿಳಿಯಲು ಒಪ್ಪಲಿಲ್ಲ, ಪಂದ್ಯ ತಡವಾಯಿತು. ರಾಷ್ಟ್ರೀಯ ಸಂಸ್ಥೆಯ ಶಿಸ್ತು ಸಮಿತಿ ಜ್ವಾಲಾ ಅವರಿಗೆ ಆಜೀವ ನಿಷೇಧದ ಶಿಫಾರಸು ಮಾಡಿತು. ಅವರು ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದರು, ನ್ಯಾಯಾಲಯ ಆಡಲು ದಾರಿ ತೆರೆಯಿತು.

ಲಂಡನ್ ನಂತರ ಜ್ವಾಲಾ ವಿರಾಮದಲ್ಲಿದ್ದಾಗ ಅಶ್ವಿನಿ ಪ್ರದ್ನ್ಯಾ ಗದ್ರೆ ಜೊತೆ ಆಡುತ್ತಿದ್ದರು. ಈ ಕಾವಿನ ನಡುವೆಯೇ ಹಳೆಯ ಜೋಡಿ ಮತ್ತೆ ಒಂದಾಯಿತು.

ಎರಡನೆಯ ಡಬಲ್ಸ್ ಜೋಡಿ ಎಲ್ಲಿ?

2014ರ ಮೇ, ಮತ್ತೆ ಸಿರಿ ಫೋರ್ಟ್. ಮಹಿಳಾ ತಂಡಗಳ ಊಬರ್ ಕಪ್ ಸೆಮಿಫೈನಲ್, ಭಾರತ–ಜಪಾನ್. ಮೂರು ಸಿಂಗಲ್ಸ್, ಎರಡು ಡಬಲ್ಸ್, ಮೂರು ಗೆದ್ದವರಿಗೆ ಫೈನಲ್. ಸೈನಾ ಗೆದ್ದರು, ಸಿಂಧು ಗೆದ್ದರು, ಭಾರತ 2–0. ಜ್ವಾಲಾ–ಅಶ್ವಿನಿ ಜೋಡಿ ಮಿಸಾಕಿ ಮಾತ್ಸುತೊಮೊ–ಅಯಾಕಾ ತಾಕಾಹಾಶಿಗೆ ಸೋತಿತು. ಮೂರನೆಯ ಸಿಂಗಲ್ಸ್‌ನಲ್ಲಿ ಪಿ.ಸಿ. ತುಳಸಿ ಸೋತರು. 2–2. ಉಳಿದದ್ದು ಎರಡನೆಯ ಡಬಲ್ಸ್. ಅಂಗಳಕ್ಕೆ ಬಂದವರು ಯಾರು? ಸೈನಾ ಮತ್ತು ಸಿಂಧು! ಆಗಷ್ಟೇ ಸಿಂಗಲ್ಸ್ ಆಡಿ ದಣಿದಿದ್ದ, ಜೋಡಿಯಾಗಿ ಪಳಗದ ಇಬ್ಬರು. ಎದುರಿಗೆ ಮಿಯುಕಿ ಮಾಯೆದಾ–ರೇಕಾ ಕಾಕಿಇವಾ ಎಂಬ ಹುಟ್ಟಾ ಡಬಲ್ಸ್ ಜೋಡಿ. ಪಂದ್ಯ ನೇರ ಗೇಮುಗಳಲ್ಲಿ ಮುಗಿಯಿತು. ಭಾರತಕ್ಕೆ ಊಬರ್ ಕಪ್‌ನ ಮೊದಲ ಪದಕ, ಕಂಚು, ಬಂತು. ಫೈನಲ್ ತಪ್ಪಿತು.

ಆಗ ಜಪಾನ್ ತಂಡದ ಮುಖ್ಯ ಕೋಚ್ ಆಗಿದ್ದವರು ಕೊರಿಯಾದ ಪಾರ್ಕ್ ಜೂ ಬೊಂಗ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪುರುಷರ ಡಬಲ್ಸ್ ಚಿನ್ನ ಗೆದ್ದ, ಡಬಲ್ಸ್ ಎಂದರೆ ಮೊದಲು ನೆನಪಾಗುವ ಆಟಗಾರ. 2004ರಿಂದ ಅವರು ಜಪಾನಿನಲ್ಲಿ ಕಟ್ಟಿದ್ದರ ಫಲ ಅಂದು ದೆಹಲಿಯಲ್ಲಿ ಕಂಡಿತು, ಎರಡು ವರ್ಷದ ನಂತರ ರಿಯೊ ಒಲಿಂಪಿಕ್ಸ್‌ನಲ್ಲಿ ಮಾತ್ಸುತೊಮೊ–ತಾಕಾಹಾಶಿ ಚಿನ್ನ ಗೆದ್ದಾಗ ಇನ್ನಷ್ಟು ಕಂಡಿತು. ಭಾರತದ ಬದುವಿನಲ್ಲಿ ಆಗ ಜ್ವಾಲಾ–ಅಶ್ವಿನಿ ಬಿಟ್ಟರೆ ಹೆಚ್ಚಿನ ಪೈರಿರಲಿಲ್ಲ.

ಆ ವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಮಲೇಷ್ಯಾದ ವಿವಿಯನ್ ಹೂ–ವೂನ್ ಖೇ ವೇ ಎದುರು ಫೈನಲ್ ಸೋತು ಬೆಳ್ಳಿ, ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 2015ರಲ್ಲಿ ಕ್ಯಾಲ್ಗರಿಯ ಕೆನಡಾ ಓಪನ್ ಫೈನಲ್‌ನಲ್ಲಿ ಅಗ್ರ ಶ್ರೇಯಾಂಕದ ಡಚ್ ಜೋಡಿ ಮುಸ್ಕೆನ್ಸ್–ಪಿಯೆಕ್ ವಿರುದ್ಧ ನೇರ ಗೆಲುವು. ಆ ವರ್ಷ ಜೋಡಿ ವಿಶ್ವದ ಮೊದಲ ಹತ್ತರೊಳಗೆ ಬಂತು. ಜ್ವಾಲಾ ಅವರಿಗೆ ಮೂವತ್ತೆರಡು ತುಂಬಿದ್ದೂ ಆ ವರ್ಷವೇ. 2016ರಲ್ಲಿ ಕುನ್‌ಶಾನ್‌ನಲ್ಲಿ ಊಬರ್ ಕಪ್ ಕಂಚು ಮತ್ತೊಮ್ಮೆ ಸಿಕ್ಕಿತು. ಆಗಸ್ಟಿನಲ್ಲಿ ರಿಯೊ. ಗುಂಪಿನಲ್ಲಿ ಜಪಾನ್, ಥಾಯ್ಲೆಂಡ್, ನೆದರ್ಲೆಂಡ್ಸ್. ಮೂರೂ ಪಂದ್ಯ ಸೋತು ಮರಳಿದರು. ದೊಡ್ಡ ಅಂಗಳಗಳಲ್ಲಿ ಈ ಜೋಡಿ ಒಟ್ಟಾಗಿ ಕಾಣಿಸಿಕೊಂಡದ್ದು ಅದೇ ಕೊನೆ. ಹದಿನಾಲ್ಕು ರಾಷ್ಟ್ರೀಯ ಪಟ್ಟಗಳನ್ನು ಬೆನ್ನಿಗಿಟ್ಟುಕೊಂಡು ಜ್ವಾಲಾ ಅಂತರರಾಷ್ಟ್ರೀಯ ಆಟದಿಂದ ಸರಿದರು.

ಆಮೇಲೆ ಎದ್ದ ಪೈರು

ರಿಯೊಗೆ ಕೆಲವೇ ತಿಂಗಳ ಮುಂಚೆ, 2015ರಲ್ಲಿ, ಮಲೇಷ್ಯಾದ ತಾನ್ ಕಿಮ್ ಹೆರ್ ಭಾರತದ ಡಬಲ್ಸ್ ಕೋಚ್ ಆಗಿ ಬಂದರು. ಜ್ವಾಲಾ ಕೇಳುತ್ತ ಬಂದದ್ದು ಅದನ್ನೇ. ಆದರೆ ಅವರ ಮಟ್ಟಿಗೆ ಹೊತ್ತು ಮೀರಿತ್ತು. ಫಲ ಉಂಡವರು ಮುಂದಿನವರು. ಆಂಧ್ರದ ಅಮಲಾಪುರದ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ, ಮುಂಬಯಿಯ ಚಿರಾಗ್ ಶೆಟ್ಟಿ ಇಬ್ಬರೂ ಹಿಂದಿನ ಅಂಗಳದಿಂದ ಬಾರಿಸುವವರು. ಇಬ್ಬರು ಬಲಶಾಲಿಗಳನ್ನು ಒಂದೇ ಜೋಡಿ ಮಾಡುವುದು ಹೇಗೆಂದು ಹಲವರು ಹುಬ್ಬೇರಿಸಿದರೂ ತಾನ್ ಅವರನ್ನು ಜೋಡಿಸಿದರು. 2022ರ ಮೇ 15ರಂದು ಬ್ಯಾಂಕಾಕಿನಲ್ಲಿ ಭಾರತ ಇಂಡೋನೇಷ್ಯಾವನ್ನು 3–0ರಿಂದ ಸೋಲಿಸಿ ಪುರುಷರ ತಂಡಗಳ ಥಾಮಸ್ ಕಪ್ ಗೆದ್ದಾಗ ನಡುವಿನ ಗೆಲುವು ಈ ಜೋಡಿಯದು. ಮೊದಲ ಗೇಮ್ ಸೋತು, ಎರಡನೆಯದರಲ್ಲಿ ಸೋಲಿನ ಅಂಚಿಗೆ ಹೋಗಿ, ಮೊಹಮ್ಮದ್ ಅಹ್ಸಾನ್–ಕೆವಿನ್ ಸುಕಮುಲ್ಯೊ ಅವರನ್ನು ಮಣಿಸಿದರು. 2023ರಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ, ಅದರ ಬೆನ್ನಿಗೇ ವಿಶ್ವದ ಒಂದನೇ ರ‍್ಯಾಂಕ್.

ಮಹಿಳೆಯರಲ್ಲಿ ಅಶ್ವಿನಿ ಆಟ ಬಿಡಲಿಲ್ಲ. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಸಿಕ್ಕಿ ರೆಡ್ಡಿ ಜೊತೆ ಡಬಲ್ಸ್ ಕಂಚು, ಮಿಶ್ರ ತಂಡದ ಚಿನ್ನದಲ್ಲಿ ಪಾಲು. 2024ರಲ್ಲಿ ತನಿಷಾ ಕ್ರಾಸ್ಟೊ ಜೊತೆ ಪ್ಯಾರಿಸ್‌ಗೆ ಹೋದರು. ಅದು ತಮ್ಮ ಕೊನೆಯ ಒಲಿಂಪಿಕ್ಸ್ ಎಂದು ಹೇಳಿದಾಗ ಅವರಿಗೆ ಮೂವತ್ನಾಲ್ಕು. ಇತ್ತ ಟ್ರೀಸಾ ಜಾಲಿ–ಗಾಯತ್ರಿ ಗೋಪಿಚಂದ್ 2022 ಮತ್ತು 2023ರಲ್ಲಿ ಆಲ್ ಇಂಗ್ಲೆಂಡ್ ಸೆಮಿಫೈನಲ್ ತಲುಪಿದರು. ಹೆಣ್ಣುಮಕ್ಕಳು ಮೊದಲಿನಿಂದಲೇ ಡಬಲ್ಸ್ ಆರಿಸಿಕೊಳ್ಳುವ ಕಾಲ ಬಂದಿದೆ. 'ಇಳಿಯುವುದು' ಎಂಬ ಮಾತು ಕೋರ್ಟುಗಳಲ್ಲಿ ಅಪರೂಪವಾಗುತ್ತಿದೆ. ಜ್ವಾಲಾ 2020ರಲ್ಲಿ ಹೈದರಾಬಾದಿನ ಹೊರವಲಯದ ಮೊಯಿನಾಬಾದಿನಲ್ಲಿ ತಮ್ಮ ಹೆಸರಿನ ಅಕಾಡೆಮಿ ತೆರೆದರು.

ವಿಶ್ವ ಚಾಂಪಿಯನ್‌ಷಿಪ್‌ನ ಪಟ್ಟಿಯನ್ನು ಈಗ ಒಮ್ಮೆ ಮೇಲಿನಿಂದ ಓದಬಹುದು. 1983ರಲ್ಲಿ ಪ್ರಕಾಶ್. ಆಮೇಲೆ ಇಪ್ಪತ್ತೆಂಟು ವರ್ಷ ಖಾಲಿ. 2011ರಿಂದ 2025ರವರೆಗೆ ಆ ಕೂಟ ನಡೆದಾಗಲೆಲ್ಲ ಭಾರತ ಒಂದಾದರೂ ಪದಕ ಗೆದ್ದಿದೆ: ಸಿಂಧು, ಸೈನಾ, ಸಾಯಿ ಪ್ರಣೀತ್, ಶ್ರೀಕಾಂತ್, ಲಕ್ಷ್ಯ ಸೇನ್, ಪ್ರಣಯ್, ಸಾತ್ವಿಕ್–ಚಿರಾಗ್. ಎಲ್ಲೂ ಕಡಿಯದ ಈ ಸಾಲಿನ ತುದಿಯಲ್ಲಿ, 2011ರ ಎದುರಿಗೆ, ಎರಡು ಹೆಸರು ಒಟ್ಟಿಗೆ ಬರೆದಿವೆ.